ಊಟದ ಕೋಣೆಯ ಮೊಲ

ಚಿತ್ರಕಲೆಯ ವಿಷಯದಲ್ಲಿ ನನ್ನ ಜ್ಞಾನ ಕ್ಯಾಲೆಂಡರಿನಾಚೆ ಹೋದದ್ದಲ್ಲ. ಆದರೆ ಧೈರ್ಯಕ್ಕೆಂದೂ ಕೊರತೆಯಿಲ್ಲ. ಗೊತ್ತಿಲ್ಲದ್ದನ್ನು ಗಟ್ಟಿಯಾಗಿ ಹೇಳಿದರೆ ಅರ್ಧ ಜನ ನಂಬುತ್ತಾರೆ, ಉಳಿದವರು ಜಗಳ ಯಾಕೆಂದು ಸುಮ್ಮನಾಗುತ್ತಾರೆ. ಈ ಪರದೇಶಕ್ಕೆ ಬಂದು ಇಂಡಸ್ಟ್ರಿಯಲ್ ಏರಿಯಾದ ಕಾರ್ಖಾನೆಯಲ್ಲಿ ನಾನು ಮ್ಯಾನೇಜರ್ ಆದದ್ದೂ ಹೀಗೆಯೇ. ಮೊನ್ನೆ ನಮ್ಮ ಯುರೋಪಿನ ಬಾಸ್ ತಮ್ಮ ಅಜ್ಜನ ಮನೆಯ ಹಳೆಯ ಚಿತ್ರವೊಂದನ್ನು ಪ್ರೀತಿಯಿಂದ ಕೊಟ್ಟು, "ಊಟದ ಕೋಣೆಯಲ್ಲೇ ಹಾಕಿ. ಭಾನುವಾರ ಊಟಕ್ಕೆ ಬಂದು ನೋಡುತ್ತೇನೆ" ಎಂದರು. ಬಿಚ್ಚಿದರೆ, ಬೇಟೆಯಾಡಿ ತಂದ ಒಂದು ಮೊಲ, ಎರಡು ಕೌಜುಗ. ಕಾಲಿಗೆ ದಾರ ಕಟ್ಟಿ, ಬರಿಯ ಗೋಡೆಯ ಮೊಳೆಗೆ ತಲೆಕೆಳಗಾಗಿ ನೇತುಹಾಕಿದ್ದಾರೆ. ಅವರ ಕಡೆ ಇದನ್ನು ನೋಡಿದರೆ ಹಸಿವಾಗುತ್ತದಂತೆ.

ಮೈಸೂರಿನಿಂದ ಬಂದಿರುವ ನಮ್ಮತ್ತೆಗೆ ಹಸಿವಾಗಲಿಲ್ಲ. ಚಿತ್ರ ಗೋಡೆಗೇರಿದ ಕೂಡಲೇ ಗ್ಯಾಸ್ ಆರಿಸಿ, "ಮನೇಲಿ ಹೆಣ ಇಟ್ಕೊಂಡು ಯಾರಾದ್ರೂ ಒಲೆ ಹಚ್ತಾರಾ? ಅದೂ ಒಂದಲ್ಲ, ಮೂರು!" ಎಂದು ಕೂತುಬಿಟ್ಟರು.

"ಅಮ್ಮಾ, ಅದು ಬರೀ ಪೇಂಟು" ಎಂದಳು ನನ್ನ ಹೆಂಡತಿ.

"ದೇವರ ಪಟಾನೂ ಬರೀ ಪೇಂಟೇ. ಕೈ ಮುಗಿಯಲ್ವಾ?"

ಎರಡು ದಿನ ನಮ್ಮ ಬಡಾವಣೆ ನ್ಗಾರಾದ ಅಂಗಡಿಯ ಬ್ರೆಡ್ಡು, ಬಾಳೆಹಣ್ಣು ತಿಂದೆವು. ಚಿತ್ರ ತೆಗೆದರೆ ಬಾಸ್ ನೊಂದುಕೊಳ್ಳುತ್ತಾರೆ, ಇಟ್ಟರೆ ಅವರಿಗೆ ಊಟವಿಲ್ಲ. ಶನಿವಾರ ಹೊಟ್ಟೆಯ ಸಂಕಟಕ್ಕೆ ಬುದ್ಧಿ ಹೊಳೆಯಿತು. ಚಿತ್ರವನ್ನು ಬುಡಮೇಲು ಮಾಡಿ ಹಾಕಿದೆ. ಮೊಲ ಚಂಗನೆ ನೆಗೆಯಿತು! ಕೌಜುಗಗಳು ರೆಕ್ಕೆ ಬಿಚ್ಚಿ ಹಾರಿದವು.

"ಕಾಲಲ್ಲಿ ದಾರ ಯಾಕೆ?" ಎಂದರು ಅತ್ತೆ, ಕನ್ನಡಕ ಏರಿಸಿ.

"ಸಾಕಿದ್ದು, ಅತ್ತೆ."

ಅವರು ಬಿಸಿಬೇಳೆಬಾತಿಗೆ ಬೇಳೆ ತೊಳೆಯಲು ಎದ್ದರು.

ಭಾನುವಾರ ಬಾಸ್ ಕತ್ತು ಓರೆ ಮಾಡಿ ಬಹಳ ಹೊತ್ತು ನೋಡಿದರು. ನನ್ನ ನಾಲಿಗೆ ಕೈಬಿಡಲಿಲ್ಲ. "ಸರ್, ನಮ್ಮಲ್ಲಿ ಊಟಕ್ಕೆ ಮುಂಚೆ ಎಲ್ಲ ಜೀವಕ್ಕೂ ಬಿಡುಗಡೆ ಕೊಡುತ್ತೇವೆ" ಎಂದೆ. ಇಂಥ ಪದ್ಧತಿ ನಾನೂ ಅದೇ ಮೊದಲು ಕೇಳಿದ್ದು. ಅವರ ಕಣ್ಣು ತೇವವಾಯಿತು. ಒಗ್ಗರಣೆಯ ಘಾಟೂ ಇರಬಹುದು. ಮೂರು ಸಲ ಬಡಿಸಿಕೊಂಡು ಉಂಡರು.

ಸೋಮವಾರ ಕಾರ್ಖಾನೆಯ ಲಾರಿಯಲ್ಲಿ ಇನ್ನೂ ದೊಡ್ಡ ಚಿತ್ರ ಬಂತು, "ಇದಕ್ಕೂ ಬಿಡುಗಡೆ ಕೊಡಿ" ಎಂಬ ಚೀಟಿಯೊಡನೆ. ಈ ಸಲ ಜಿಂಕೆ. ಮೇಜಿನ ಮೇಲೆ ಅಂಗಾತ, ಪಕ್ಕದಲ್ಲಿ ನಿಂಬೆಹಣ್ಣು, ಚಾಕು. ಇಳಿಸಿದ ಡ್ರೈವರ್ ಅದನ್ನು ನೋಡಿ "ಪೋಲೆ ಸಾನಾ" ಎಂದು ಇಲ್ಲಿನ ಭಾಷೆಯಲ್ಲಿ ಸಂತಾಪ ಸೂಚಿಸಿ ಹೋದ. ನಾಲ್ಕೂ ಕಡೆ ತಿರುಗಿಸಿದೆ. ಹೇಗಿಟ್ಟರೂ ಸತ್ತೇ ಇತ್ತು.

ಗ್ಯಾಸ್ ಮತ್ತೆ ಆರಿತು. "ಅಳಿಯಂದ್ರೇ, ತಿರುಗ್ಸಿದ್ದು ಸಾಕು. ಬೇಡ ಅಂತ ಒಂದು ಮಾತು ಹೇಳ್ಬಿಡಿ" ಎಂದರು ಅತ್ತೆ. ನನ್ನಂಥವನಿಗೆ ಅದೇನು ದೊಡ್ಡದು? ಮಾತನ್ನು ಬಾಯಿಪಾಠ ಮಾಡಿಕೊಂಡು, ಮರುದಿನ ಎದೆ ಸೆಟೆಸಿ ಬಾಸ್ ಕೋಣೆಗೆ ನುಗ್ಗಿದೆ.

"ಜಿಂಕೆ ಹೇಗಿದೆ?" ಎಂದರು.

"ತುಂಬಾ ಆರಾಮಾಗಿದೆ, ಸರ್" ಎಂದು ಹೇಳಿ ಬಂದೆ.