ಹಳದಿ ತಂತಿಯ ಹನ್ನೆರಡು ವೋಲ್ಟು

ನನ್ನದು ಶಾಂತ ಸ್ವಭಾವ ಎಂದು ನಾನು ಬಹಳ ವರ್ಷ ನಂಬಿದ್ದೆ. ಭಾನುವಾರ ಊಟ ಮುಗಿಸಿ, ಕಾಲು ಚಾಚಿ ಮಲಗಿ ನನ್ನ ಬಗ್ಗೆ ಯೋಚಿಸಿದಾಗಲೆಲ್ಲ ಹಾಗೇ ಅನ್ನಿಸುತ್ತಿತ್ತು. ಈ ನಂಬಿಕೆಯನ್ನು ಕೆಡಿಸಿದ್ದು ಕಂಪ್ಯೂಟರಿನ ಪವರ್ ಸಪ್ಲೈ ಡಬ್ಬಿ ಎಂದರೆ ನೀವು ನಗುತ್ತೀರಿ. ನಗಿ, ಪರವಾಗಿಲ್ಲ, ನನ್ನ ಅಂಗಡಿಯ ರೇಣುಕಾ ಈಗಾಗಲೇ ನಕ್ಕಾಗಿದೆ.

ಕುಷ್ಟಗಿಯ ಬಸ್ ನಿಲ್ದಾಣದ ಹತ್ತಿರ ನನ್ನದೊಂದು ಡಿ.ಟಿ.ಪಿ. ಅಂಗಡಿಯಿದೆ. ಆಗ ಅಲ್ಲಿ ಇದ್ದದ್ದು ಒಂದೇ ಕಂಪ್ಯೂಟರು. ಬೆಳಿಗ್ಗೆ ನಾನು ಅರ್ಜಿಗಳನ್ನು ಟೈಪು ಮಾಡುತ್ತಿದ್ದೆ. ಮಧ್ಯಾಹ್ನ ನನ್ನ ಆಪರೇಟರ್ ರೇಣುಕಾ ಮದುವೆ ಕಾರ್ಡಿನ ಫೋಟೋ ಕೆಲಸ ಮಾಡಿ ಸಿ.ಡಿ.ಗೆ ಹಾಕುತ್ತಿದ್ದಳು. ನನ್ನ ಕೈಯಲ್ಲಿ ಸಾಧುವಾಗಿದ್ದ ಯಂತ್ರ ಅವಳ ಕೈಗೆ ಹೋದ ಕೂಡಲೇ ಪಟ್ಟನೆ ಆರಿ, ತಾನೇ ಮತ್ತೆ ಶುರುವಾಗುತ್ತಿತ್ತು. ಅಷ್ಟರಲ್ಲಿ ವಧೂವರರು ಬಂಧುಬಳಗದ ಸಮೇತ ಮಾಯ. ಕರೆಂಟು ಸರಿಯಾಗಿ ಬರುತ್ತಿದೆಯೇ ನೋಡಲು ನಾನು ವೋಲ್ಟು ಅಳೆಯುವ ಹೊಸ ಮಲ್ಟಿಮೀಟರ್ ತಂದೆ. ಕಂಪ್ಯೂಟರಿಗೆ ಕರೆಂಟು ಕೊಡುವ ಪವರ್ ಸಪ್ಲೈ ಡಬ್ಬಿಯನ್ನು ಹೊರಗೆ ಬಿಚ್ಚಿಟ್ಟು, ಹಸಿರು ತಂತಿಗೂ ಕರಿ ತಂತಿಗೂ ಗಂಟು ಹಾಕಿ ಚಾಲೂ ಮಾಡಿ, ಹಳದಿ ತಂತಿಯನ್ನು ಅಳೆದೆ. ಹನ್ನೆರಡು ವೋಲ್ಟು ಇರಬೇಕಾದಲ್ಲಿ ಹನ್ನೆರಡೂ ಚಿಲ್ಲರೆ! ಮೂರು ಸಲ ಅಳೆದೆ. ಯಂತ್ರ ನಿರಪರಾಧಿ ಎಂದ ಮೇಲೆ ಅಪರಾಧಿ ಯಾರು? ಗಿರಾಕಿಗಳ ಎದುರಿಗೇ ಕೂಗಾಡಿದೆ: "ನನ್ನ ಕೈಯಾಗ ಆಗದ್ದು ನಿನ್ನ ಕೈಯಾಗ ಹ್ಯಾಂಗ ಆಗತೈತಿ?"

"ಹಂಗಾರ ನಿಮ್ಮ ಕೈಯಾಗ ಇಟ್ಕೋರಿ," ಎಂದು ಅವಳು ಬ್ಯಾಗೆತ್ತಿಕೊಂಡು ಹೋದಳು. ಅವಳ ಕೈ ತಾಗಿದರೆ ಕಂಪ್ಯೂಟರ್ ಕೆಡುತ್ತದೆ ಎಂಬ ಸುದ್ದಿ ಅವಳಿಗಿಂತ ಮೊದಲೇ ಊರಿನ ಉಳಿದೆರಡು ಅಂಗಡಿಗಳನ್ನು ಮುಟ್ಟಿತು. ಇಬ್ಬರೂ ಕೆಲಸವಿಲ್ಲ ಎಂದರಂತೆ. ಅದು ನನ್ನ ಬಾಯಿಂದಲೇ ಹಬ್ಬಿದ್ದು ಎಂದು ನನಗೆ ಗೊತ್ತಿತ್ತು. ಆದರೂ ಮೀಟರ್ ಸುಳ್ಳು ಹೇಳುತ್ತದೆಯೇ ಎಂದು ಸಮಾಧಾನ ಮಾಡಿಕೊಂಡೆ.

ಅವಳಿಲ್ಲದೆ ಕಾರ್ಡಿನ ಕೆಲಸಕ್ಕೆ ನಾನೇ ಕೂತೆ. ನನ್ನ ಕೈಯಲ್ಲೂ ವಧೂವರರು ಮಾಯವಾದರು. ಡಬ್ಬಿಯನ್ನು ಕೈಚೀಲಕ್ಕೆ ಹಾಕಿ, ಬಸ್ಸಿನಲ್ಲಿ ತೊಡೆಯ ಮೇಲಿಟ್ಟುಕೊಂಡು ಗಂಗಾವತಿಗೆ ಹೋದೆ. ಅಲ್ಲಿ ರೇಡಿಯೋ ರಿಪೇರಿಯಿಂದ ಕಂಪ್ಯೂಟರಿಗೆ ಬಂದ ಖಾಜಾಸಾಬರಿದ್ದರು. ಡಬ್ಬಿ ಬಿಚ್ಚಿಟ್ಟು ಅಳೆದದ್ದನ್ನು ಹೇಳಿದೆ. ಅವರು ಡಬ್ಬಿಯನ್ನು ಮುಟ್ಟಲೂ ಇಲ್ಲ.

"ಬರೇ ಇದನ್ನಷ್ಟ ತಂದೀರೇನ್ರಿ? ಸಂತ್ಯಾಗ ನಿಂತ ಎತ್ತು ಎಲ್ಲಾ ಛಲೋನ ಕಾಣತೈತಿ. ಬಂಡಿಗೆ ಹೂಡಿ ನೋಡ್ರಿ. ಕೆಲಸ ನಡದಾಗ ಅಳೀಬೇಕ್ರಿ ಸಾಹೇಬ್ರ, ಖಾಲಿ ಕೂತಾಗಲ್ಲ."

ಮರಳಿ ಬಂದು ಡಬ್ಬಿ ಜೋಡಿಸಿ, ಫೋಟೋ ತೆರೆದು, ಸಿ.ಡಿ. ತಿರುಗುತ್ತಿರುವಾಗಲೇ ಹಳದಿ ತಂತಿಗೆ ಮೀಟರ್ ಹಿಡಿದೆ. ಭಾರ ಬಿದ್ದೊಡನೆ ಹನ್ನೊಂದಕ್ಕಿಂತ ಕೆಳಗಿಳಿದು ಒದ್ದಾಡುತ್ತಿತ್ತು. ಪಾಪದ ಹುಡುಗಿ ಎರಡು ತಿಂಗಳು ಇದನ್ನು ಹೊತ್ತು ಎಳೆದಿದ್ದಳು. ನಾನು ಟೈಪಿನ ಹಗುರ ಕೆಲಸ ಮಾಡುತ್ತ ಬೀಗಿದ್ದೆ. ನನಗೆ ನಿಜವಾಗಿಯೂ ನಾಚಿಕೆಯಾಯಿತು.

ಹೊಸ ಡಬ್ಬಿ ಹಾಕಿಸಿ ಅವಳ ಮನೆಗೆ ಹೋದೆ. "ತಪ್ಪು ನಿಂದಲ್ಲವ್ವಾ, ಖಾಲಿ ಕೂತಾಗ ನಾ ಅಳದದ್ದ ತಪ್ಪಾಗಿತ್ತು," ಎಂದೆ.

"ಬೈದದ್ದು ಮಂದಿ ಮುಂದ ಅಲ್ರಿ ಸರ? ಇದನ್ನೂ ಅಲ್ಲೇ ಹೇಳ್ರಿ."

ಹೇಳಿದೆ. ಉಳಿದೆರಡು ಅಂಗಡಿಗೂ ಹೋಗಿ ಹೇಳಿದೆ. ಅವಳು ಕೆಲಸಕ್ಕೆ ಬಂದಳು, ಮೊದಲ ದಿನವೇ ಮಲ್ಟಿಮೀಟರನ್ನು ತನ್ನ ಮೇಜಿನ ಮೇಲೆ ಇಟ್ಟುಕೊಂಡಳು. ಈಗಲೂ ಮದುವೆ ಸೀಸನ್ನಿನಲ್ಲಿ ನಾಲ್ಕು ಗಿರಾಕಿಗಳು ಒಟ್ಟಿಗೆ ಅವಸರ ಮಾಡಿ ನನ್ನ ದನಿ ಏರತೊಡಗಿದರೆ, ಅವಳು ಪರದೆಯಿಂದ ಕಣ್ಣೆತ್ತದೆ ಆ ಮೀಟರನ್ನು ಮೆಲ್ಲಗೆ ನನ್ನ ಕಡೆಗೆ ಸರಿಸುತ್ತಾಳೆ. ಭಾನುವಾರ ಮಲಗಿ ಮಾಡಿದ ನನ್ನ ಅಳತೆ ನೆನಪಾಗಿ, ನಾನು ಎದ್ದು ಹೋಗಿ ಒಂದು ಲೋಟ ನೀರು ಕುಡಿದು ಬರುತ್ತೇನೆ.