ಲಕಾರವಿಲ್ಲದ ಲ್ಯಾಪ್‌ಟಾಪ್

ಹನ್ನೊಂದು ವರ್ಷ ನನ್ನ ಸೇವೆ ಮಾಡಿದ ಲ್ಯಾಪ್‌ಟಾಪನ್ನು ಗುಜರಿಗೆ ಹಾಕಲು ನಾನು ಒಪ್ಪುವುದಿಲ್ಲ. ಇದು ನನ್ನ ಭೀಷ್ಮಪ್ರತಿಜ್ಞೆ. ಅದು ಎಚ್ಚರಗೊಳ್ಳುವಷ್ಟರಲ್ಲಿ ಒಂದು ಲೋಟ ಕಾಫಿ ಕುಡಿದು ಲೋಟ ತೊಳೆದಿಡಬಹುದು, ನಿಜ. ಪರದೆ ಹಿಂದಕ್ಕೆ ಬೀಳದಂತೆ ಬೆನ್ನಿಗೆ ಉಪ್ಪಿನಕಾಯಿ ಜಾಡಿ ಒತ್ತುಕೊಡಬೇಕು, ಅದೂ ನಿಜ. (ಜಾಡಿ ಖಾಲಿಯಾಗಿ ಹಗುರವಾದ ವಾರ ನಾನು ಅರ್ಧ ಮಲಗಿಕೊಂಡೇ ಮಕ್ಕಳ ಅಂಕಪಟ್ಟಿ ತುಂಬಿಸಿದ್ದೆ.) ಹಾಗೆಂದು ಕೈಬಿಡುವುದೇ?

"ಹೊಸದು ತಗೊಳ್ರೀ. ಇದ್ರಲ್ಲಿ ಒಂದು ಬ್ಲೌಸ್ ಡಿಸೈನ್ ತೆರೆಯೋ ಹೊತ್ಗೆ ನಾನು ಬ್ಲೌಸೇ ಹೊಲ್ದು ಮುಗಿಸ್ತೀನಿ," ಎನ್ನುತ್ತಾಳೆ ನನ್ನ ಹೆಂಡತಿ ಶ್ರೀವಲ್ಲಿ.

"ಅದಕ್ಕೆ ಬೇಕಿರೋದು ಟಾನಿಕ್ಕು ಕಣೇ. ರ‍್ಯಾಮ್ ಜಾಸ್ತಿ ಮಾಡಿ, ಎಸ್‌ಎಸ್‌ಡಿ ಹಾಕ್ಸಿದ್ರೆ ಓಡುತ್ತೆ."

"ಎರಡು ತಿಂಗ್ಳಿಂದ ಬರೀ ಬಾಯಲ್ಲೇ ಓಡಿಸ್ತಿದೀರ. ಚಲಪತಿ ರಿಪೇರಿ ಅಂಗ್ಡಿಗಾದ್ರೂ ತಗೊಂಡೋಗಿ ತೋರ್ಸಿ."

"ಮೊದ್ಲು ಅಧ್ಯಯನ ಆಗ್ಬೇಕು."

ಅಧ್ಯಯನ ನಡೆದೇ ಇತ್ತು. ಹದಿನೇಳು ವಿಡಿಯೊ ನೋಡಿದ್ದೆ. ಒಂಬತ್ತು ಜನ ಹಳೆಯದನ್ನೇ ಸರಿಪಡಿಸಿ ಎಂದಿದ್ದರು, ಎಂಟು ಜನ ಹೊಸದು ಕೊಳ್ಳಿ ಎಂದಿದ್ದರು. ಗೆದ್ದೆ ಅಂದುಕೊಳ್ಳುವಷ್ಟರಲ್ಲಿ ಹದಿನೆಂಟನೆಯದು ತೆಲುಗಿನಲ್ಲಿ ಶುರುವಾಗಿ "ಪಾರೇಯಂಡಿ" ಎಂದುಬಿಟ್ಟಿತು. ಎಸೆದುಬಿಡಿ ಎಂಬ ಆ ಮಾತು ಅಡುಗೆಮನೆಯವರೆಗೂ ಕೇಳಿಸಿತು. ಪಂದ್ಯ ಸಮವಾಯಿತು.

ಹೀಗಿರುವಾಗ ಆಯುಧಪೂಜೆಯಾದ ಮೂರನೇ ದಿನ ಕೀಬೋರ್ಡಿನ ‘ಲ’ ಕೀಲಿ ಪ್ರಾಣ ಬಿಟ್ಟಿತು. ‘ಳ’ ಕೂಡ ಅದೇ ಕೀಲಿಯ ಸಂಸಾರ; ಅದೂ ಸಹಗಮನ ಮಾಡಿತು. ಇನ್ನು ‘ಇಲ್ಲ’ ಎಂದು ಬರೆಯುವ ಹಾಗಿಲ್ಲ. ನಮ್ಮ ಮನೆಯಲ್ಲಿ ‘ಇಲ್ಲ’ ಎನ್ನುವ ಅಧಿಕಾರ ನನಗಂತೂ ಮೊದಲಿನಿಂದಲೂ ಇರಲಿಲ್ಲ. ಈಗ ಲ್ಯಾಪ್‌ಟಾಪಿಗೂ ಹೋಯಿತು.

ಅದೇ ವಾರ ನಮ್ಮ ವಿದ್ಯಾಸಂಸ್ಥೆಯ ಕಚೇರಿಯಿಂದ ಪತ್ರ ಬಂತು. ಚಿಕ್ಕಬಳ್ಳಾಪುರ, ಶಿಡ್ಲಘಟ್ಟ, ಚಿಂತಾಮಣಿ, ಮಂಚೇನಹಳ್ಳಿ, ಈ ನಾಲ್ಕು ಶಾಲೆಗಳ ಮೇಷ್ಟ್ರುಗಳನ್ನು ಅದಲುಬದಲು ಮಾಡುತ್ತಾರಂತೆ. ಯಾರಿಗೆ ಯಾವ ಊರು ಬೇಕೋ ಶನಿವಾರದೊಳಗೆ ಇ-ಮೇಲ್ ಮಾಡಬೇಕು. ನಾನು ಈಗ ಪಾಠ ಮಾಡುವ ಚಿಕ್ಕಬಳ್ಳಾಪುರದ ಶಾಲೆ ನಮ್ಮ ಮನೆಯಿಂದ ಎಂಟು ನಿಮಿಷದ ನಡಿಗೆ. ಮಧ್ಯಾಹ್ನ ಮನೆಗೆ ಬಂದು, ಬಿಸಿ ಮುದ್ದೆ ಉಂಡು, ಹದಿನೈದು ನಿಮಿಷ ಕಣ್ಣು ಮುಚ್ಚುತ್ತೇನೆ. ಆ ಹದಿನೈದು ನಿಮಿಷಕ್ಕಾಗಿಯೇ ನಾನು ಬದುಕಿದ್ದೇನೆ ಎಂದರೂ ತಪ್ಪಿಲ್ಲ.

ಶನಿವಾರ ಬೆಳಿಗ್ಗೆ ಬರೆಯಲು ಕೂತರೆ ಊರಿನ ಹೆಸರು ‘ಚಿಕ್ಕಬಾಪುರ’ ಎಂದು ಬಿತ್ತು.

"ನನ್ನ ಫೋನಲ್ಲಿ ಬರ್ದು ಕಳ್ಸಿ," ಎಂದಳು ಶ್ರೀವಲ್ಲಿ.

"ನಾನು ಕನ್ನಡ ಪಂಡಿತ ಕಣೇ. ಹಿಂದಿನವರು ತುಟಿ ತಾಗದ ಅಕ್ಷರಗಳಲ್ಲೇ ಪದ್ಯ ಬರ್ದಿದಾರೆ. ನಾನು ಲಕಾರ ಬಿಟ್ಟು ಎರಡು ಸಾಲು ಬರೀಲಾರೆನಾ?"

ಬರೆದೆ. ‘ಶಾಲೆ’ಯನ್ನು ‘ವಿದ್ಯಾಮಂದಿರ’ ಮಾಡಿದೆ. "ಮಾನ್ಯರೆ, ನನ್ನನ್ನು ನಮ್ಮೂರಿನ ವಿದ್ಯಾಮಂದಿರಕ್ಕೇ ನೇಮಿಸಬೇಕೆಂದು ಪ್ರಾರ್ಥನೆ. ಬೇರೆ ಊರು ಬೇಡ. ವಂದನೆ. ಕೇಶವಮೂರ್ತಿ." ಒಂದೇ ಒಂದು ಲ ಇಲ್ಲ, ಳ ಇಲ್ಲ. ಹೆಮ್ಮೆಯಿಂದ ಹೆಂಡತಿಗೆ ಓದಿ ಹೇಳಿದೆ.

"ಊರಿನ ಹೆಸ್ರೇ ಇಲ್ವಲ್ರೀ."

"ನಮ್ಮೂರು ಯಾವ್ದು ಅಂತ ಅವ್ರಿಗೆ ಗೊತ್ತಿಲ್ವಾ?"

ಗೊತ್ತಿತ್ತು. ಬುಧವಾರ ಆದೇಶ ಬಂತು. "ಸೇವಾ ಪುಸ್ತಕದ ಪ್ರಕಾರ ತಮ್ಮ ಸ್ವಂತ ಊರು ಮಂಚೇನಹಳ್ಳಿ. ತಮ್ಮ ಕೋರಿಕೆಯಂತೆ ಅಲ್ಲಿಗೇ ನೇಮಿಸಲಾಗಿದೆ. ಹುಟ್ಟೂರಿನ ಮೇಲಿನ ತಮ್ಮ ಅಭಿಮಾನ ಇತರರಿಗೆ ಮಾದರಿ. ಒಂದು ವರ್ಷ ಬದಲಾವಣೆಗೆ ಅವಕಾಶವಿಲ್ಲ." ಮಂಚೇನಹಳ್ಳಿಯ ದೊಡ್ಡಪ್ಪ ಮುನಿವೆಂಕಟಪ್ಪನವರು ಆಗಲೇ ಫೋನ್ ಮಾಡಿ, "ಮಧ್ಯಾಹ್ನದ ಊಟ ನಮ್ಮನೇಲೇ, ಆಮೇಲೆ ಕೂತು ನನ್ನ ಜಮೀನಿನ ಅರ್ಜಿಗಳನ್ನ ಬರ್ಕೊಡುವಿಯಂತೆ," ಎಂದರು.

ಶ್ರೀವಲ್ಲಿ ಆದೇಶವನ್ನು ಎರಡು ಸಲ ಓದಿದಳು. "ಬದಲಾಯಿಸ್ಬೇಕೋ ಬೇಡ್ವೋ ಅಂತ ಎರಡು ತಿಂಗ್ಳು ಯೋಚ್ನೆ ಮಾಡಿದ್ರಲ್ಲ, ನೋಡಿ, ಲ್ಯಾಪ್‌ಟಾಪ್ ಇಲ್ಲೇ ಉಳೀತು. ನೀವು ಬದಲಾದ್ರಿ," ಎಂದಳು. ನಗಲಿಲ್ಲ. ನಕ್ಕಿದ್ದರೆ ಚೆನ್ನಾಗಿತ್ತು.

ಸಂಜೆ ಲ್ಯಾಪ್‌ಟಾಪನ್ನು ಕಂಕುಳಲ್ಲಿಟ್ಟುಕೊಂಡು ಚಲಪತಿಯ ಅಂಗಡಿಗೆ ಹೋದೆ. "ರ‍್ಯಾಮೋ, ಎಸ್‌ಎಸ್‌ಡಿಯೋ, ಹೊಸದೋ, ಏನಾದ್ರೂ ಮಾಡಪ್ಪ," ಎಂದೆ. ಅವನು ಉಗುರಿನಿಂದ ‘ಲ’ ಕೀಲಿಯನ್ನು ಎಬ್ಬಿಸಿದ, ಉಫ್ ಎಂದು ಊದಿದ. ಒಂದು ಹಳದಿ ಅಕ್ಕಿಕಾಳು ಮೇಜಿನ ಮೇಲೆ ಬಿತ್ತು.

"ಅಕ್ಷತೆ ಸಾರ್. ಪೂಜೆ ಯಾರು ಮಾಡಿದ್ರು?"

ನಾನೇ ಮಾಡಿದ್ದೆ. ಎರಡು ಕೈ ತುಂಬ ಹಾಕಿದ್ದೆ.

"ಏನಾದ್ರೂ ಹೊಡೀರಿ ಸಾರ್, ಬೀಳುತ್ತಾ ನೋಡಣ."

ಹೊಡೆದೆ: ಮಂಚೇನಹಳ್ಳಿ. ಎರಡು ಳ-ಗಳೂ ಒಂದರ ಕೆಳಗೊಂದು ಅಚ್ಚುಕಟ್ಟಾಗಿ ಕೂತವು.