ಹಗ್ಗ ಹೊಸೆದು ಅಂಜಿಕೆ ಬಿಡಿಸುತ್ತಿದ್ದ ಮಾವ

ಇದನ್ನು ಬರೆಯಬೇಕೆಂದು ಎಷ್ಟು ವರ್ಷದಿಂದ ಅಂದುಕೊಳ್ಳುತ್ತಿದ್ದೇನೋ! ಮೊದಲು ನೌಕರಿ ಅಡ್ಡ ಬಂತು ಅಂದೆ. ಆಮೇಲೆ ಮಕ್ಕಳ ಮದುವೆ ಅಂದೆ. ಕೊನೆಗೆ ಕಣ್ಣಿನ ಪೊರೆ ಅಂದೆ. ಹೋದ ತಿಂಗಳು ಡಾಕ್ಟರು ಪೊರೆಯನ್ನೂ ತೆಗೆದುಬಿಟ್ಟರು. ಇನ್ನು ಯಾವ ನೆಪವೂ ಉಳಿದಿಲ್ಲ, ಹೇಳಿಯೇಬಿಡುತ್ತೇನೆ.

ನನ್ನ ಸೋದರಮಾವ ದೇವದುರ್ಗದ ಅರ್ಧ ಊರಿನ ಹುಚ್ಚು ಬಿಡಿಸಿದ ಮನುಷ್ಯ. ಉಳಿದರ್ಧ ಊರು ಹುಚ್ಚಿರುವುದು ಅವನಿಗೇ ಎಂದು ನಂಬಿತ್ತು. ಎರಡು ಕಡೆಯವರ ಹತ್ತಿರವೂ ಬೇಕಾದಷ್ಟು ಪುರಾವೆ ಇತ್ತು!

ಕಸುಬಿನಿಂದ ಅವನು ಹಗ್ಗ ಹೊಸೆಯುವವನು. ಪುಂಡಿಯ ಸೊಪ್ಪನ್ನು ಊರು ಉಣ್ಣುತ್ತಿತ್ತು, ಪುಂಡಿಯ ನಾರನ್ನು ಮಾವ ಹಗ್ಗ ಮಾಡುತ್ತಿದ್ದ. ಅವನ ಮನೆಯ ಹಿಂದೆ ಉದ್ದನೆಯ ಬಯಲು ಜಾಗ. ಅದರ ಒಂದು ತುದಿಯಲ್ಲಿ ಕಟ್ಟಿಗೆಯ ತಿರುಗಣೆ. ತಿರುಗಣೆಯ ಕೊಕ್ಕೆಗೆ ನಾರು ಸಿಕ್ಕಿಸಿ ಒಬ್ಬರು ಕುಳಿತು ತಿರುಗಿಸಬೇಕು. ಇನ್ನೊಬ್ಬರು ಬಗಲಲ್ಲಿ ನಾರಿನ ಕಟ್ಟು ಹಿಡಿದು, ಎಳೆಗೆ ಎಳೆ ಕೂಡಿಸುತ್ತ, ಹಿಂದಕ್ಕೆ ಹಿಂದಕ್ಕೆ ನಡೆಯಬೇಕು. ಹಿಂದಕ್ಕೆ ನಡೆಯುವವನು ಮಾವ. ತಿರುಗಿಸುವವರು ಯಾರು? ರೋಗಿಗಳು!

ಅಂಜಿಕೆ ಹೊಕ್ಕವರು, ನಿದ್ದೆ ಬಾರದವರು, ಗೋಡೆ ನೋಡುತ್ತ ಕೂತವರು, ಸತ್ತವರ ಜೊತೆ ಮಾತಾಡುವವರು, ಬದುಕಿದವರ ಜೊತೆ ಮಾತು ಬಿಟ್ಟವರು, ಎಲ್ಲರನ್ನೂ ಮನೆಮಂದಿ ತಂದು ಮಾವನ ತಿರುಗಣೆಯ ಮುಂದೆ ಕೂರಿಸುತ್ತಿದ್ದರು. ಮಾವ ಮದ್ದು ಕೊಡುತ್ತಿರಲಿಲ್ಲ, ಮಂತ್ರ ಹಾಕುತ್ತಿರಲಿಲ್ಲ. "ತಿರುಗಸು. ಬಾಯಿಗೆ ಬಂದದ್ದು ಮಾತಾಡು" ಎಂದು ಹೇಳಿ ಹಿಂದಕ್ಕೆ ನಡೆಯತೊಡಗುತ್ತಿದ್ದ. ಅವನು ಹತ್ತಿರ ಇರುವಾಗ ಅವರು ಎಮ್ಮೆಯ ಸುದ್ದಿ, ಜೋಳದ ಸುದ್ದಿ ಹೇಳುವರು. ಇಪ್ಪತ್ತು ಮಾರು ದೂರ ಹೋದಾಗ ನಿಜವಾದ ಸುದ್ದಿ ಹೊರಗೆ ಬೀಳುತ್ತಿತ್ತು.

"ಅಲ್ಲೋ ಮಾವ, ಅಷ್ಟು ದೂರ ಹೋದ ಮ್ಯಾಲ ನಿನಗೇನು ಕೇಳಿಸ್ತದ?" ಎಂದು ನಾನೊಮ್ಮೆ ಕೇಳಿದೆ.

"ಏನೂ ಕೇಳಿಸಂಗಿಲ್ಲಲೇ. ಅದಕ್ಕ ಅಲ್ಲೇನು ಅವರು ಹೇಳೋದು!"

ಹಾಗಾದರೆ ರೋಗ ಗೊತ್ತಾಗುವುದು ಹೇಗೆ? ಅದಕ್ಕೂ ಅವನ ಹತ್ತಿರ ಉಪಾಯವಿತ್ತು. ಕೆಲಸ ಮುಗಿದ ಮೇಲೆ ಹಗ್ಗದ ಮೇಲೆ ಬೆರಳಾಡಿಸುತ್ತ ಬರುತ್ತಿದ್ದ. ಒಂದು ಕಡೆ ಹುರಿ ಸಡಿಲಾಗಿರುತ್ತಿತ್ತು. "ಇಲ್ಲಿ ನಿನ್ನ ಕೈ ನಿಂತದ ತಂಗಿ. ಆವಾಗ ಯಾರು ನೆನಪಾಗಿದ್ರು?" ಅನ್ನುತ್ತಿದ್ದ. ಅಷ್ಟೇ, ಆಕೆ ಹೋ ಎಂದು ಅತ್ತುಬಿಡುವಳು. ನಾಲ್ಕು ಸಲ ಬಂದು ಹೋದರೆ ಮುಖ ತಿಳಿಯಾಗುತ್ತಿತ್ತು. ಬಿಟ್ಟಿ ಕೂಲಿಯಾಳು ಸಿಗಲೆಂದು ಮಾವ ಹೂಡಿದ ಆಟ ಇದು ಎನ್ನುವವರೂ ಇದ್ದರು. ಆದರೆ ಅಳುವವರು ತಿರುಗಿಸಿದ ಹಗ್ಗ ಎಂಥದಿರುತ್ತದೆ, ನೀವೇ ಹೇಳಿ! ಎತ್ತು ಕಟ್ಟಿದರೆ ಎತ್ತು ಓಡಿಹೋಗುತ್ತಿತ್ತು. ಅಂಥ ಹಗ್ಗವನ್ನೆಲ್ಲ ಮಾವ ಬಿಚ್ಚಿ ಒಬ್ಬನೇ ಮತ್ತೆ ಹೊಸೆಯುತ್ತಿದ್ದ. ಯಾವ ಕೂಲಿ ಉಳಿಯಿತು?

ಇನ್ನೂ ದೊಡ್ಡ ತಮಾಷೆ ಎಂದರೆ, ಊರಿನ ಬೇರೆ ವೈದ್ಯರೂ ಅವನ ಹತ್ತಿರವೇ ಬರುತ್ತಿದ್ದರು. ತಾನು ಕಟ್ಟುವ ದಾರ ತನಗೆ ಹಿಡಿಯುವುದಿಲ್ಲ ಎಂಬುದು ಆ ಕಸುಬಿನವರ ನಂಬಿಕೆ. ಅಂಜಿಕೆಗೆ ದಾರ ಕಟ್ಟುವ ಅಯ್ಯನೊಬ್ಬ ಇದ್ದ. ಹತ್ತು ಹಳ್ಳಿಯ ದೆವ್ವ ಓಡಿಸಿದವನಿಗೆ ನಾಯಿ ಎಂದರೆ ಕೈಕಾಲು ನಡುಗುತ್ತಿದ್ದವು! ಹಿತ್ತಲ ಬಾಗಿಲಿನಿಂದ ಬಂದು ತಿರುಗಣೆ ಹಿಡಿಯುತ್ತಿದ್ದ. ಕಸುಬಿನ ಗುಟ್ಟು ತಿಳಿದವನ ರೋಗ ಬಿಡಿಸುವುದು ಸುಲಭವೇ?

"ಈಗ ನೀ 'ಮುಂದೇನಾತು' ಅಂತ ಕೇಳ್ತಿ. ಗೊತ್ತದ ನನಗ. ನಾನೂ ಮಂದಿಗೆ ಹಂಗ ಕೇಳ್ತೀನಿ" ಎನ್ನುವನು ಅಯ್ಯ.

"ಹೌದಾ? ಮುಂದೇನಾತ್ರೀ ಅಯ್ಯನವರ?"

"ಮುಂದೇನಾತು, ಕರೇ ನಾಯಿ ಬಂತಪ್ಪ..." ಎಂದು ಅಯ್ಯ ಎಲ್ಲವನ್ನೂ ಹೇಳಿಬಿಡುವನು.

ದೃಷ್ಟಿ ತೆಗೆಯುವ ಮುದುಕಿ ಬಂದು, ತನಗೇ ಯಾರದೋ ದೃಷ್ಟಿ ತಾಗಿದೆ ಎಂದು ತಿರುಗಣೆ ಮುರಿಯುವಷ್ಟು ಸಿಟ್ಟಿನಿಂದ ತಿರುಗಿಸುತ್ತಿದ್ದಳು. ಊರಿಗೆ ಊರೇ ಇವರ ಹತ್ತಿರ ಹೋಗುತ್ತದೆ, ಇವರೆಲ್ಲ ಮಾವನ ಹತ್ತಿರ ಬರುತ್ತಾರೆ. ಮಾವ ಎಲ್ಲಿಗೆ ಹೋಗಬೇಕು?

ಇದು ನಗುವ ಪ್ರಶ್ನೆಯಾಗಿರಲಿಲ್ಲ. ಅತ್ತೆ ತೀರಿಕೊಂಡು ಆಗ ಎರಡು ವರ್ಷವಾಗಿತ್ತು. ಅಂದಿನಿಂದ ಮಾವನ ಕಣ್ಣಿಗೆ ನಿದ್ದೆ ಹತ್ತುತ್ತಿರಲಿಲ್ಲ. ಊರಿನ ಅಂಜಿಕೆಯನ್ನೆಲ್ಲ ಬಿಡಿಸುವವನು ಒಳಗೊಳಗೇ ಸವೆಯುತ್ತಿದ್ದ.

ನಿಜಾಮರ ಆಳ್ವಿಕೆಯ ಕೊನೆಯ ವರ್ಷಗಳವು. ನಾನು ರಾಯಚೂರಿನಲ್ಲಿ ಮೆಟ್ರಿಕ್ ಮುಗಿಸಿ, ಉರ್ದು ಬರೆಯಬಲ್ಲೆನೆಂಬ ಕಾರಣಕ್ಕೆ ಮಾನ್ವಿಯ ಕಚೇರಿಯೊಂದರಲ್ಲಿ ಗುಮಾಸ್ತನಾಗಿದ್ದೆ. ಇಡೀ ಕುಟುಂಬದಲ್ಲಿ ಮೆಟ್ರಿಕ್ ಪಾಸಾದವನು ನಾನೊಬ್ಬನೇ. ಅದರ ಸೊಕ್ಕು ನನ್ನ ಟೋಪಿಯ ಮೇಲೇ ಕಾಣುತ್ತಿತ್ತಂತೆ! ಮಾವ ತಿಂಗಳಿಗೊಮ್ಮೆ ಹಗ್ಗದ ಹೊರೆಯನ್ನು ಬಸ್ಸಿನ ಮೇಲೆ ಹಾಕಿ, ರಾಯಚೂರು ಸುತ್ತಿ ಮಾನ್ವಿಯ ಸಂತೆಗೆ ಬರುತ್ತಿದ್ದ.

ಮಾನ್ವಿಯಲ್ಲಿ ಹಕೀಮ್ ಸಾಹೇಬರೊಬ್ಬರು ಇದ್ದರು. ಅವರೂ ಮನಸ್ಸಿನ ರೋಗಕ್ಕೆ ಹೆಸರಾದವರೇ, ರೀತಿ ಮಾತ್ರ ಬೇರೆ. ನಾಡಿ ಹಿಡಿದು, "ನಿನ್ನೆ ಏನು ಉಂಡಿ?" ಎಂದು ಕೇಳುವರು. ರೊಟ್ಟಿ ಯಾರು ಬಡಿದರು, ಯಾರು ಬಡಿಸಿದರು, ಬಿಸಿ ಇತ್ತೋ ತಣ್ಣಗಿತ್ತೋ, ಪಕ್ಕದಲ್ಲಿ ಯಾರು ಕೂತಿದ್ದರು? ಇಷ್ಟು ಹೇಳುವುದರೊಳಗೆ ಮನೆಯ ಗುಟ್ಟೆಲ್ಲ ಹೊರಬಿದ್ದಿರುತ್ತಿತ್ತು.

ಒಂದು ಸಂತೆಯ ದಿನ ಹಕೀಮರು ಬಾವಿಗೆ ಹಗ್ಗ ಕೊಳ್ಳಲು ಮಾವನ ಹತ್ತಿರ ಬಂದರು. ಹಗ್ಗವನ್ನು ಎಳೆದು ನೋಡಿದರು. ಆ ಎಳೆತ ನೋಡಿಯೇ ಮಾವ ನನ್ನ ಕಿವಿಯಲ್ಲಿ, "ಪಾಪ, ಈ ಮನುಷ್ಯಾಗ ಸಮಾಧಾನ ಇಲ್ಲಲೇ" ಎಂದ. ಹಗ್ಗ ಕೊಡುವಾಗ ಮಾವನ ಮುಂಗೈ ಹಕೀಮರ ಬೆರಳಿಗೆ ತಾಗಿತು. ಅವರು ನನ್ನನ್ನು ಪಕ್ಕಕ್ಕೆ ಕರೆದು, "ಮುನ್ಶೀಜೀ, ನಿಮ್ಮ ಮಾಮೂಗ ನಿದ್ದಿ ಇಲ್ಲ. ನಮ್ಮ ದವಾಖಾನೆಗೆ ಕರಕೊಂಡು ಬರ್ರಿ. ಇಲಾಜ್ ಮಾಡ್ತೀವಿ, ಗುಣ ಮಾಡ್ತೀವಿ ಅಂತ ಹೇಳಬ್ಯಾಡ್ರಿ, ಬೇಜಾರ್ ಆಗ್ತಾರ" ಎಂದರು. ಇತ್ತ ಮಾವ, "ಅವರ ದವಾಖಾನಿಗೆ ಹೋಗೋಣ ನಡಿ. ರೋಗ ಬಿಡಿಸಾಕ ಬಂದೀನಿ ಅಂತ ಮಾತ್ರ ಅನ್ನಬ್ಯಾಡ, ದೊಡ್ಡ ಮನುಷ್ಯ ನೊಂದುಕೊಂತಾನ" ಎಂದ.

ಇಬ್ಬರ ಗುಟ್ಟೂ ನನ್ನ ಹೊಟ್ಟೆಯಲ್ಲಿ. ನಗು ತಡೆಯುವುದು ಹೇಗೆ!

ಎಂಟು ತಿಂಗಳು ನಡೆಯಿತು ಈ ಉಪಚಾರ. ಹಕೀಮರು ಎಡಗೈಯಲ್ಲಿ ಮಾವನ ನಾಡಿ ಹಿಡಿಯುವರು. ಪಾಪ, ರೋಗಿಗೆ ಹಿಡಿದುಕೊಳ್ಳಲು ಒಂದು ಕೈ ಬೇಕು ಎಂದು ಮಾವ ಸುಮ್ಮನಿರುವನು. ಮಾವ ನಾರಿನ ಎಳೆಯ ತುದಿಯನ್ನು ಹಕೀಮರ ಬಲಗೈಗೆ ಕೊಟ್ಟು ತಿರುವಲು ಹೇಳುವನು. ಪಾಪ, ರೋಗಿಗೆ ಕೈ ಸುಮ್ಮನಿರುವುದಿಲ್ಲ ಎಂದು ಹಕೀಮರು ತಿರುವುವರು. ಹೊರಡುವಾಗ ಮಾವ ಒಂದು ಹಗ್ಗ ಕೊಡುತ್ತಿದ್ದ. ಹಕೀಮರು ಅದನ್ನು ರೋಗಿಯ ಕಾಣಿಕೆಯೆಂದು ಕಣ್ಣಿಗೊತ್ತಿ ತೆಗೆದುಕೊಳ್ಳುತ್ತಿದ್ದರು. ಇದ್ದದ್ದು ಒಂದೇ ಬಾವಿ, ಕೊಂಡದ್ದನ್ನು ಬಿಟ್ಟರೂ ಹಗ್ಗ ಎಂಟಾದವು. ಹಕೀಮರು ಒಂದು ಭರಣಿ ಸಿಹಿ ಲೇಹ್ಯ ಕೊಡುತ್ತಿದ್ದರು, ದಿನಕ್ಕೆ ಬೆರಳ ತುದಿಯಷ್ಟು ನೆಕ್ಕಲು. ಮಾವ ಅದನ್ನು ರೋಗಿ ಪ್ರೀತಿಯಿಂದ ಕೊಟ್ಟ ಮಿಠಾಯಿ ಎಂದು ತಿಳಿದು, ಮೊದಲ ಸಲ ಬಸ್ಸಿನಲ್ಲಿ ಡ್ರೈವರನಿಗೂ ಹಂಚಿ ಭರಣಿ ಖಾಲಿ ಮಾಡಿದ. ರಾಯಚೂರು ಬಿಟ್ಟ ಬಸ್ಸು ದೇವದುರ್ಗ ಮುಟ್ಟುವುದರೊಳಗೆ ಐದು ಸಲ ನಿಂತಿತು. ಎರಡು ಸಲ ಮಾವನಿಗಾಗಿ, ಮೂರು ಸಲ ಡ್ರೈವರನಿಗಾಗಿ!

ನಗಬಹುದು. ಆದರೆ ಇಬ್ಬರೂ ಗುಣವಾಗುತ್ತಿದ್ದರು! ಹಕೀಮರ ಒಬ್ಬಳೇ ಮಗಳು ಮದುವೆಯಾಗಿ ಗುಲ್ಬರ್ಗಾಕ್ಕೆ ಹೋದ ಮೇಲೆ ಅವರಿಗೆ ಊಟ ಸೇರುತ್ತಿರಲಿಲ್ಲ. ಊರಿಗೆಲ್ಲ ಏನು ಉಂಡಿ ಎಂದು ಕೇಳುವವರನ್ನು, ನೀವೇನು ಉಂಡಿರಿ ಎಂದು ಕೇಳುವವರಿರಲಿಲ್ಲ. ಮಾವ ಕೇಳಿದ. ಹಕೀಮರು ಉಣ್ಣತೊಡಗಿದರು.

ದವಾಖಾನೆಗೆ ಬಾಗಿಲಿಲ್ಲ, ಒಂದು ಪರದೆ ಅಷ್ಟೇ. ನಾನು ಹೊರಗೆ ಕಟ್ಟೆಯ ಮೇಲೆ ಕೂರುತ್ತಿದ್ದೆ. ಎಂಟನೆಯ ತಿಂಗಳು ಮಾವ ಅತ್ತೆಯ ಮಾತು ತೆಗೆದದ್ದು ಕೇಳಿಸಿತು.

"ಆವತ್ತ ತಿರುಗಣಿ ಆಕೀನ ತಿರುಗಿಸ್ತಿದ್ಲ್ರಿ. ನಾ ಆ ತುದಿಗಿದ್ದೆ. ಆಕಿ ಏನೋ ಅಂದ್ಲು. ಕೇಳಿಸಲಿಲ್ಲ. ಸುಮ್ಮನ ಹ್ಞೂಂ ಅಂದೆ. ಎಂಟು ದಿನಕ್ಕ ಹೋಗಿಬಿಟ್ಲು. ಏನಂದಿದ್ಲೋ ಏನೋ! ಊರ ಮಂದೀದು ಕೇಳಿಸಬಾರದು ಅಂತ ದೂರ ಹೋಗಾಂವ ನಾ. ಆಕೀದಾದ್ರೂ ಹತ್ರ ಬಂದು ಕೇಳಬೇಕಿತ್ತು."

ಆಮೇಲೆ ಹಕೀಮರು ಕೇಳಿದರು: "ಆವತ್ತು ಏನು ಉಂಡಿದ್ರಿ, ಭಾಯಿ?"

"ರೊಟ್ಟಿ, ಪುಂಡಿಪಲ್ಯ. ಆಕೀನ ಮಾಡಿದ್ಲು."

"ಉಪ್ಪು?"

"ಉಪ್ಪು ಸರಿ ಇತ್ರಿ."

"ಸಿಟ್ಟು ಬಂದಾಕಿ ಉಪ್ಪು ಸರಿ ಹಾಕಂಗಿಲ್ಲ. ಆಕಿ ಅಂದದ್ದು ಬೈಗಳ ಅಲ್ಲ, ತಿಳೀರಿ. ಏನಿತ್ತು ಅನ್ನೋದು ಮುಂದಿನ ತಿಂಗಳು ನೋಡೋಣು."

ಅತ್ತೆ ಹೋದ ಮೇಲೆ ಮೊದಲ ಸಲ ಮಾವ ಅಂದು ಬಸ್ಸಿನಲ್ಲಿ ಕೂತಲ್ಲೇ ನಿದ್ದೆ ಹೋದನಂತೆ. ದೇವದುರ್ಗದಲ್ಲಿ ಇಳಿಸಲು ಇಬ್ಬರು ಬೇಕಾದರಂತೆ.

ಮುಂದಿನ ಸಂತೆಯ ದಿನ ನಾನು ಕಚೇರಿಯ ಗೆಳೆಯರ ಜೊತೆ ಚಹದ ಅಂಗಡಿಯಲ್ಲಿದ್ದೆ. ಒಬ್ಬ, "ಏನಪಾ, ನಿಮ್ಮ ಹಗ್ಗದ ಮಾವನ ಸುದ್ದಿ?" ಎಂದ. ಅಷ್ಟು ಸಾಕಾಯಿತು ನನಗೆ. ಎದ್ದು ನಿಂತು ಇಬ್ಬರ ಸೋಗನ್ನೂ ಹಾಕಿದೆ. ನಾಡಿ ಹಿಡಿದೆ, ನಾರು ತಿರುವಿದೆ. ಒಬ್ಬರಿಗೊಬ್ಬರು ಪಾಪ ಪಾಪ ಅನ್ನುವುದನ್ನು ಮಾಡಿ ತೋರಿಸಿದೆ. ಅವರು ಹೊಟ್ಟೆ ಹಿಡಿದು ನಕ್ಕರು. ಅಲ್ಲಿಗಾದರೂ ನಿಲ್ಲಿಸಬೇಕಿತ್ತು. ನಿಲ್ಲಿಸಲಿಲ್ಲ. ಮಾವನ ದನಿ ತೆಗೆದು, "ಆಕಿ ಏನೋ ಅಂದ್ಲು, ಕೇಳಿಸಲಿಲ್ಲ! ಉಪ್ಪು ಸರಿ ಇತ್ರಿ!" ಎಂದೆ.

ಗೆಳೆಯರ ನಗು ಒಮ್ಮೆಲೇ ನಿಂತಿತು. ತಿರುಗಿ ನೋಡಿದೆ. ಮಾವ ಹೆಗಲ ಮೇಲೆ ಹಗ್ಗ ಹೊತ್ತು ಬಾಗಿಲಲ್ಲಿ ನಿಂತಿದ್ದ.

ಬೈಯಲಿಲ್ಲ. "ಚಾ ಕುಡದೇನಲೇ? ನಿನ್ನ ಖೋಲಿ ಕೀಲಿ ಕೊಡು, ನನ್ನ ಗಂಟು ಅದ ಅಲ್ಲಿ" ಎಂದ. ಕೀಲಿ ತೆಗೆದುಕೊಂಡು ಹೋದ. ಹಕೀಮರ ಓಣಿಯ ಕಡೆಗೆ ತಿರುಗಲಿಲ್ಲ.

ಆಮೇಲೆ ಅವನು ಮಾನ್ವಿಗೆ ಬರಲಿಲ್ಲ. ಹಕೀಮರು ಪ್ರತಿ ಸಂತೆಗೂ ನನ್ನನ್ನು ಕೇಳುವರು; ಜ್ವರ, ನಾರಿನ ಸುಗ್ಗಿ, ಮಳೆ ಎಂದು ನಾನು ಸುಳ್ಳು ಹೇಳುವೆನು. ಆರನೆಯ ತಿಂಗಳು ಅವರು ದವಾಖಾನೆ ಮುಚ್ಚಿ ತಾವೇ ದೇವದುರ್ಗದ ಬಸ್ಸು ಹತ್ತಿದರು. ಮಾವ ಅವರನ್ನು ಪ್ರೀತಿಯಿಂದಲೇ ಕೂರಿಸಿ, ಉಣಬಡಿಸಿ, ತಿರುಗಣೆಯನ್ನೂ ಕೈಗೆ ಕೊಟ್ಟನಂತೆ. ಆದರೆ ತಿರುಗಿ ಬಂದ ಹಕೀಮರು ತಲೆ ಆಡಿಸಿದರು.

"ನಾಡಿ ಹೆಂಡ್ತಿ ಮಾತಿಗೆ ಬಂದು ನಿಂತುಬಿಡ್ತದ, ಮುನ್ಶೀಜೀ. ಎಷ್ಟು ಕೇಳಿದ್ರೂ ಬಾಯಿ ಬಿಡಂಗಿಲ್ಲ. ಯಾಕೋ ತಿಳೀವಲ್ದು."

ನನಗೆ ತಿಳಿದಿತ್ತು. ಹೇಳಲಿಲ್ಲ.

ಮರುವರ್ಷ ನಾನು ದೇವದುರ್ಗಕ್ಕೆ ಹೋದೆ. ಕ್ಷಮೆ ಕೇಳಲೆಂದೇ ಹೋದೆ. ಮಾವ ನನ್ನ ಮುಖ ನೋಡಿ, "ಕೂಡು. ತಿರುಗಸು" ಎಂದ. ನಾನು ತಿರುಗಣೆ ಹಿಡಿದೆ. ಅವನು ಎಳೆ ಕೂಡಿಸುತ್ತ ಹಿಂದಕ್ಕೆ ನಡೆದ. ಇಪ್ಪತ್ತು ಮಾರು ಹೋದ. ಬಗಲಲ್ಲಿದ್ದ ನಾರು ಮುಗಿಯುತ್ತ ಬಂದಿತ್ತು. ಎಳೆ ತೆಳ್ಳಗೆ ಮಾಡಿ ಮಾಡಿ ಇನ್ನೂ ಹಿಂದಕ್ಕೆ ಹೋದ. ಯಾರ ಸಲುವಾಗಿಯೂ ಅವನು ಅಷ್ಟು ದೂರ ಹೋದದ್ದನ್ನು ನಾನು ನೋಡಿರಲಿಲ್ಲ. ಕೊನೆಗೆ ಬಯಲಿನ ಅಂಚಿನ ಹಾಳು ಗೋಡೆಗೆ ಬೆನ್ನು ಹಚ್ಚಿ, ಮುಖ ಬೇರೆ ಕಡೆ ತಿರುಗಿಸಿ ನಿಂತ. ಅಲ್ಲಿಗೆ ನನ್ನ ಮಾತು ಕೇಳಿಸುತ್ತಿರಲಿಲ್ಲ. ಎರಡೇ ಶಬ್ದ ಅಂದಿದ್ದರೆ ಸಾಕಿತ್ತು.

ನಾನು ತಿರುಗಿಸುತ್ತಲೇ ಇದ್ದೆ.

ಬಹಳ ಹೊತ್ತು ಕಾದು ಮಾವ ಹಗ್ಗದ ಮೇಲೆ ಬೆರಳಾಡಿಸುತ್ತ ಬಂದ. "ಚೊಲೋ ತಿರುಗಿಸಿದಿ. ಎಲ್ಲೂ ಕೈ ನಿಂತಿಲ್ಲ" ಎಂದ. ಹೊಗಳಿದನೆಂದು ಆಗ ಸಮಾಧಾನಪಟ್ಟುಕೊಂಡೆ. ಎಂಥ ಪೆದ್ದ ನಾನು! ಅವನು ತೀರಿಕೊಂಡು ಅರವತ್ತು ವರ್ಷದ ಮೇಲಾಯಿತು. ಅಷ್ಟು ದೂರಕ್ಕೆ ಏನೂ ಕೇಳಿಸಲಾರದು, ಗೊತ್ತು. ಆದ್ದರಿಂದಲೇ ಈಗ ಬಾಯಿ ಬಂದಿದೆ.

ತಪ್ಪಾತು, ಅಮರಪ್ಪ ಮಾವ.